ಪೊರಕೆ ಗಾಡಿಗೂ ರಜ

ಶ್ರೀನಿವಾಸಯ್ಯನವರ ಮನೆಯ ರೈಲಿನ ಮಾತು ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರಾದರೂ "ಹೋಗ್ಲಿ ಬಿಡೋ, ಆಟದ ರೈಲು ತಾನೆ" ಎಂದರೆ ಇನ್ನೂ ಜಾಸ್ತಿ ಉರಿಯುತ್ತದೆ. ರೈಲು ಆಟದ್ದೇ ಇರಬಹುದು. ಅದಕ್ಕೆ ನಾನು ಮಾಡಿಕೊಟ್ಟ ಗಾಡಿ ಆಟದ್ದಲ್ಲ, ಮೂರು ತಿಂಗಳ ಕೆಲಸ.

ಎಂಬತ್ತಮೂರನೇ ಇಸವಿ. ನಾನು, ಅಂದರೆ ಚಲುವರಾಜು, ಮಾಮೂಲ್‌ಪೇಟೆಯ ಹಿಂದಿನ ಗಲ್ಲಿಯ ಒಂದು ಲೇತ್ ಅಂಗಡಿಯಲ್ಲಿ ಫಿಟ್ಟರ್ ಆಗಿದ್ದೆ. ಶ್ರೀನಿವಾಸಯ್ಯನವರು ದೊಡ್ಡ ಎಂಜಿನಿಯರಾಗಿದ್ದು ರಿಟೈರ್ ಆದವರು. ಬಸವನಗುಡಿಯಲ್ಲಿ ವಿಶಾಲವಾದ ಕಾಂಪೌಂಡಿನ ಮನೆ. ಆ ಮನೆಯ ತೋಟದಲ್ಲಿ, ಗುಲಾಬಿ ಪಾತಿ ಸುತ್ತಿ ಬಾವಿಕಟ್ಟೆ ಬಳಸಿಕೊಂಡು, ನೂರಿಪ್ಪತ್ತು ಅಡಿ ಪುಟ್ಟ ಹಳಿ ಹಾಕಿಸಿದ್ದರು. ಅದರ ಮೇಲೆ ಒಂದೂವರೆ ಗೇಣಿನ ಎಂಜಿನ್ನು, ಹಿಂದೆ ಐದು ಡಬ್ಬಿ. ಹಳಿಯಲ್ಲೇ ಸಣ್ಣಗೆ ಕರೆಂಟು ಹರಿದು, ಚಕ್ರದ ಮೂಲಕ ಎಂಜಿನ್ನಿನ ಮೋಟರಿಗೆ ಹೋಗಬೇಕು. ಡಬ್ಬಿಯ ಚಕ್ರ ಕಡೆಸಲು ನಮ್ಮ ಅಂಗಡಿಗೆ ಬಂದವರು ನನ್ನ ಕೈಕೆಲಸ ನೋಡಿ, ಭಾನುವಾರಗಳಂದು ಮನೆಗೆ ಕರೆಯತೊಡಗಿದರು. ನಾನೂ ಖುಷಿಯಿಂದಲೇ ಹೋದೆ. ಅಂಥ ಕೆಲಸ ನಮ್ಮ ಅಂಗಡಿಯಲ್ಲಿ ಎಲ್ಲಿ ಸಿಗಬೇಕು?

ತೊಂದರೆ ಇದ್ದದ್ದು ಒಂದು ಆಕಾಶಮಲ್ಲಿಗೆ ಮರದಿಂದ. ಹಳಿಯ ನೆತ್ತಿಯ ಮೇಲೇ ಅದು ಹರಡಿಕೊಂಡಿತ್ತು. ಮಳೆಗಾಲದುದ್ದಕ್ಕೂ ಎಲೆ, ಆಮೇಲೆ ಉದ್ದ ತೊಟ್ಟಿನ ಹೂವು. ಒದ್ದೆ ಹೂವು ಹಳಿಗೆ ಅಂಟಿಕೊಂಡರೆ ಕರೆಂಟು ಹಾಯುವುದಿಲ್ಲ, ಎಂಜಿನ್ನು ಅಲ್ಲೇ ನಿಂತುಬಿಡುತ್ತದೆ. ಅರವತ್ತೆರಡು ವರ್ಷದ ಶ್ರೀನಿವಾಸಯ್ಯನವರು ಮಂಡಿಯೂರಿ ನೂರಿಪ್ಪತ್ತು ಅಡಿ ಒರೆಸಿ, ಸೊಂಟ ಹಿಡಿದುಕೊಂಡು ಏಳುತ್ತಿದ್ದರು.

"ಹಳಿ ಕ್ಲೀನ್ ಮಾಡೋಕೇ ಒಂದು ಗಾಡಿ ಮಾಡೋಣ ಸಾರ್" ಎಂದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಒಂದು ಡಬ್ಬಿಯ ಮುಂದೆ ತಗಡಿನ ಹಲಗೆ ಕಟ್ಟಿದೆ. ಹೂವೆಲ್ಲ ಎದುರಿಗೆ ಗುಡ್ಡೆಯಾಗಿ ಡಬ್ಬಿಯೇ ಹಳಿ ತಪ್ಪಿತು. ಹಲ್ಲುಜ್ಜುವ ಬ್ರಷ್ಷುಗಳ ಕೂದಲು ಕಿತ್ತು ಉರುಳೆಗೆ ಸುತ್ತಿದೆ. ಹೂವು ಅದಕ್ಕೇ ಸುತ್ತಿಕೊಂಡು ಜಡೆಯಾಯಿತು. ಒಂದು ಸಂಜೆ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅದನ್ನು ಮುಂದಿಟ್ಟುಕೊಂಡು ಬೈಯುತ್ತಾ ಕೂತಿದ್ದಾಗ, ನಮ್ಮವ್ವ ನರಸಮ್ಮ ನೋಡಿ ನಕ್ಕಳು.

"ಯಾರೋ ನಿಂಗೆ ಗುಡ್ಸೋದು ಕಲ್ಸಿದ್ದು?" ಎಂದಳು. "ಹಸಿ ಹೂವಿಗೆ ಮೆತ್ತನೆ ಪೊರಕೆ ನಡಿಯಲ್ಲ ಮಗ. ಕಡ್ಡಿ ಪೊರಕೆ ಬೇಕು. ಅದೂನೂ ನೆಟ್ಟಗೆ ತಳ್ಬಾರ್ದು, ಓರೆಗೆ ಹಿಡೀಬೇಕು. ಒಂಚೂರು ಒಂಚೂರೇ ಪಕ್ಕಕ್ಕೆ ಹಾಕ್ಕೊಂಡು ಹೋಗ್ತಿದ್ರೆ ಗುಡ್ಡೆನೇ ಆಗಲ್ಲ."

ಅವಳಿಗಿಂತ ಚೆನ್ನಾಗಿ ಇದನ್ನು ಯಾರು ಹೇಳಬೇಕು? ಇಪ್ಪತ್ತಾರು ವರ್ಷದಿಂದ ಬಳೇಪೇಟೆಯ ಗಲ್ಲಿಗಳನ್ನು ಗುಡಿಸುತ್ತಿದ್ದವಳು. ತನ್ನ ಪೊರಕೆಯಿಂದಲೇ ಕಡ್ಡಿ ಎಳೆದು ಕೊಟ್ಟಳು. ಹೊಸ ಕಡ್ಡಿ ಮುರಿಯುತ್ತದೆ, ಸವೆದ ಕಡ್ಡಿ ಬಾಗುತ್ತದೆ ಎಂದು ಒಂದೊಂದನ್ನೂ ಬೆರಳಲ್ಲಿ ಬಗ್ಗಿಸಿ ನೋಡಿಯೇ ಆರಿಸಿದಳು. ನಾನು ಅವನ್ನು ಬೆರಳ ಗೆಣ್ಣಿನಷ್ಟಕ್ಕೆ ಕತ್ತರಿಸಿದೆ. ಉರುಳೆಯ ಸುತ್ತ ಕಟ್ಟಿದ ಗಂಟು ಅವಳದೇ. ಆ ಗಂಟು ನನಗೆ ಇವತ್ತಿಗೂ ಬರುವುದಿಲ್ಲ.

ಕೊನೆಗೆ ಒಂದಕ್ಕೊಂದು ಕೊಂಡಿ ಹಾಕಿದ ಮೂರು ಗಾಡಿಗಳಾದವು. ಮೊದಲನೆಯದರಲ್ಲಿ ಓರೆಯಾಗಿ ಕೂರಿಸಿದ ತಗಡು, ಎರಡನೆಯದರಲ್ಲಿ ಓರೆಯಾಗಿ ತಿರುಗುವ ಕಡ್ಡಿ ಉರುಳೆ, ಮೂರನೆಯದರ ಹೊಟ್ಟೆಯಲ್ಲಿ ಸೀಮೆಎಣ್ಣೆ ಅದ್ದಿದ ಬಟ್ಟೆ. ಕೆಟ್ಟ ಟೇಪ್ ರೆಕಾರ್ಡರಿನ ಮೋಟರು, ನಾಲ್ಕು ಟಾರ್ಚ್ ಸೆಲ್ಲು. ಹಳಿಯ ಕರೆಂಟಿನ ಹಂಗೇ ಇಲ್ಲ. ಮೊದಲ ಸಲ ಬಿಟ್ಟಾಗ ಸರಸರ ಎಂದು ಹೂವುಗಳನ್ನು ಎಡಕ್ಕೆ ಹಾಕುತ್ತಾ ಪೂರ್ತಿ ಒಂದು ಸುತ್ತು ಬಂದು ನಿಂತಿತು. ಹಿಂದೆ ಹಳಿ ಥಳಥಳ ಅನ್ನುತ್ತಿತ್ತು. ಶ್ರೀನಿವಾಸಯ್ಯನವರು ಚಪ್ಪಾಳೆ ತಟ್ಟಿದರು.

"ನಮ್ಮವ್ವ ಹೇಳ್ಕೊಟ್ಟಿದ್ದು ಸಾರ್, ಪೊರಕೆ ಕಟ್ಟಿದ್ದೂ ಅವಳೇ" ಎಂದೆ.

"ಹೌದೇನಯ್ಯ? ಹಾಗಾದ್ರೆ ಆಯುಧಪೂಜೆ ದಿನ ಅವರನ್ನೂ ಕರ್ಕೊಂಡು ಬಾ. ಎಲ್ಲಾ ಗಾಡಿನೂ ಸಾಲಾಗಿ ನಿಲ್ಲಿಸಿ, ಪೂಜೆ ಮಾಡಿ ಓಡಿಸ್ತೀವಿ. ಅವರ ಗಾಡಿನ ಅವರೂ ನೋಡ್ಲಿ."

ಅವರ ಗಾಡಿ ಎಂದರು. ಅದನ್ನು ನಾನು ಮನೆಗೆ ಹೋಗಿ ಇದ್ದ ಹಾಗೇ ಹೇಳಿದೆ. ವಾರದೊಳಗೆ ನಮ್ಮ ಬೀದಿಯವರಿಗೆಲ್ಲ ವಿಷಯ ಗೊತ್ತಾಗಿತ್ತು. ದೊಡ್ಡವರ ಮನೆಯಲ್ಲಿ ತನ್ನ ಗಾಡಿಗೆ ಪೂಜೆ ಎಂದು ಅವ್ವ ಪಕ್ಕದ ಮನೆ ಮುನಿಯಕ್ಕನ ಹತ್ತಿರ ಹೇಳಿಕೊಂಡಳಂತೆ. ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ಹಬ್ಬದ ಬೆಳಗ್ಗೆ ನಾನು ಎಂದಿನಂತೆ ನಡುಮನೆಯಲ್ಲಿ ಮಣೆ ಹಾಕಿ ಸುತ್ತಿಗೆ, ಅರ, ಅಳತೆಯ ವರ್ನಿಯರ್ ಎಲ್ಲ ಜೋಡಿಸಿ ಪೂಜೆ ಮಾಡಿದೆ. ಸೈಕಲ್ಲಿಗೆ ಹೂವು ಹಾಕಿದೆ. ಅವ್ವ ಹಿತ್ತಲಲ್ಲಿ ತನ್ನ ಪಾಡಿಗೆ ತಾನು ಏನೋ ಮುಗಿಸಿಕೊಂಡು ಬಂದು ಹಸಿರು ಸೀರೆ ಉಟ್ಟಳು. ನನ್ನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು, ನಾವಿಬ್ಬರೇ ಹೊರಟೆವು.

ಶ್ರೀನಿವಾಸಯ್ಯನವರ ತೋಟದಲ್ಲಿ ಇಪ್ಪತ್ತೈದು ಮೂವತ್ತು ಜನ ಸೇರಿದ್ದರು. ಕುರ್ಚಿ ಹಾಕಿತ್ತು, ಕೋಸಂಬರಿ ಪಾನಕ ಓಡಾಡುತ್ತಿತ್ತು. ತುಳಸಿಕಟ್ಟೆಯ ಮುಂದೆ ಸಾಲು. ಚೆಂಡುಹೂವಿನ ಹಾರ ಹಾಕಿದ ಎಂಜಿನ್ನು, ಐದು ಡಬ್ಬಿ, ಸ್ಕೂಟರು, ನೀರಿನ ಪಂಪು, ಹೊಲಿಗೆ ಮಿಷನ್ನು, ಕ್ಯಾಮೆರಾ, ತೆಂಗಿನಕಾಯಿ ತುರಿಯುವ ಈಳಿಗೆಮಣೆ ಕೂಡ. ಅವ್ವ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿದಳು.

"ನಮ್ದೆಲ್ಲೋ?" ಎಂದಳು ಮೆಲ್ಲಗೆ.

ಹುಡುಕಿದೆ. ಬಾವಿಯ ಆಚೆ, ಹೊರಗಿನ ಪಾಯಿಖಾನೆಯ ಗೋಡೆ ಪಕ್ಕದಲ್ಲಿ, ಫಿನಾಯಿಲ್ ಡಬ್ಬಿ ಮತ್ತು ಮೋರಿ ಪೊರಕೆಯ ಜೊತೆಯಲ್ಲಿ ಇದ್ದವು ನಮ್ಮ ಮೂರು ಗಾಡಿಗಳು. ಒಂದು ಬೊಟ್ಟು ಕುಂಕುಮ ಇಲ್ಲ, ಒಂದು ಎಸಳು ಹೂವಿಲ್ಲ. ಶ್ರೀನಿವಾಸಯ್ಯನವರ ಹೆಂಡತಿ ಶಕುಂತಲಮ್ಮನವರು ಅಲ್ಲೇ ಹಾದುಹೋಗುತ್ತಿದ್ದರು. ಕೇಳಿದೆ.

"ಪೊರಕೆನ ಯಾರಾದ್ರೂ ದೇವರ ಮುಂದೆ ಇಡ್ತಾರೇನಪ್ಪ?" ಎಂದು ನಗುನಗುತ್ತಲೇ ಹೇಳಿ ಒಳಗೆ ಹೋದರು.

ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ವಾಪಸ್ಸು ಎರಡು ಮಾತು ಆಡಬಹುದಿತ್ತು. ಬೆಳಗ್ಗೆ ಸೂರ್ಯ ಹುಟ್ಟುತ್ತಾನೆ ಎನ್ನುವಷ್ಟು ಸಹಜವಾಗಿ ಹೇಳಿದರು. ಕಾಯಿ ತುರಿಯುವ ಈಳಿಗೆಗೆ ಹೂವಂತೆ, ಹಳಿಯನ್ನು ಹಳಿಯಾಗಿ ಉಳಿಸುವ ಗಾಡಿಗೆ ಪಾಯಿಖಾನೆ ಗೋಡೆಯಂತೆ! ನೆಟ್ಟಗೆ ಶ್ರೀನಿವಾಸಯ್ಯನವರ ಹತ್ತಿರ ಹೋದೆ.

"ಸಾರ್, ನೀವೇ ಹೇಳಿದ್ರಿ, ಸಾಲಲ್ಲಿ ಇಡ್ತೀವಿ ಅಂತ."

"ಹೇಳಿದ್ದೆ ಕಣಯ್ಯ, ಮರ್ತಿಲ್ಲ. ಇದೆಲ್ಲ ಮನೆ ಹೆಂಗಸ್ರ ಶಾಸ್ತ್ರ, ನಾನು ಮಧ್ಯೆ ಬಾಯಿ ಹಾಕೋಕಾಗತ್ತಾ? ನೀನು ಮನಸ್ಸಿಗೆ ಹಚ್ಕೋಬೇಡ. ಪಾನಕ ತಗೊಂಡ್ಯಾ?"

ಆಫೀಸಿನಲ್ಲಿ ಸಾವಿರ ಜನರನ್ನು ನಡುಗಿಸಿದ ಮನುಷ್ಯ. ಅಡುಗೆಮನೆಗೆ ಒಂದು ಮಾತು ಹೇಳಲು ಬಾಯಿಲ್ಲವಂತೆ. ಅವ್ವ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಬಿಡೋ, ಹೊಸದಾ ಇದು?" ಎಂದಳು. ಅವಳ ಮೇಲೂ ಕೋಪ ಬಂತು. ಹೊಸದಲ್ಲ ಎಂದೇ ತಾನೆ ಉರಿಯುವುದು!

ಪೂಜೆ ಶುರುವಾಯಿತು. ಶಕುಂತಲಮ್ಮನವರು ಎಂಜಿನ್ನಿಗೆ ಮಾತ್ರ ಕುಂಕುಮ ಇಟ್ಟು ಸುಮ್ಮನಾಗಿದ್ದರೆ ಕಥೆ ಬೇರೆ ಇರುತ್ತಿತ್ತು. ಆ ವರ್ಷ ಸಂಭ್ರಮ ಜಾಸ್ತಿ. ಹೊಸಲಿಗೆ ಹಚ್ಚುವ ಹಾಗೆ ಹಳಿಯುದ್ದಕ್ಕೂ ಅರಿಶಿನ ಕಲಸಿ ಹಚ್ಚಿದರು, ಅದರ ಮೇಲೆ ಗೇಣಿಗೊಂದು ಕುಂಕುಮದ ಬೊಟ್ಟು. ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಹಳಿಯ ಮೇಲೇ ಒಡೆಸಿದರು, ತಿರುಳು ಎಲ್ಲ ಕಡೆ ಸಿಡಿಯಿತು. ಸ್ಕೂಟರಿಗೆ ಇಟ್ಟ ಹಾಗೆ ಎಂಜಿನ್ನಿನ ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಚಕ್ರಕ್ಕಿಂತ ಹಣ್ಣೇ ದೊಡ್ಡದು. ಕೊನೆಗೆ ಹೋಳು ಮಾಡಿ ಇಟ್ಟರು. ಇದನ್ನೆಲ್ಲ ನೋಡಿಕೊಂಡು ಆ ಎಂಜಿನಿಯರು ಕೈಮುಗಿದು ನಿಂತಿದ್ದರು. ಅರಿಶಿನದ ಮೇಲೆ ಕರೆಂಟು ಹಾಯುವುದಿಲ್ಲ ಎಂದು ಅವರಿಗೆ ಆ ಕ್ಷಣದಲ್ಲಿ ಹೊಳೆದೇ ಇರಲಿಲ್ಲ. ನನಗೆ ಹೊಳೆದಿತ್ತು. ನಾನು ಯಾಕೆ ಹೇಳಲಿ?

ಮಂಗಳಾರತಿ ಆಯಿತು. ಎಂಜಿನ್ನು, ಡಬ್ಬಿಗಳನ್ನು ಹಳಿಗೆ ಏರಿಸಿದರು. ವಾಹನಕ್ಕೆ ಪೂಜೆಯಾದ ಮೇಲೆ ಒಂದು ಸುತ್ತಾದರೂ ಓಡಲೇಬೇಕಲ್ಲ. ಶ್ರೀನಿವಾಸಯ್ಯನವರು ಸ್ವಿಚ್ಚು ಒತ್ತಿದರು. ಎಂಜಿನ್ನು ಒಮ್ಮೆ ಗೊರ್ ಅಂದು ನಿಂತಿತು. ಮತ್ತೆ ಒತ್ತಿದರು. ಗೊರ್ ಕೂಡ ಅನ್ನಲಿಲ್ಲ. ಮೂವತ್ತು ಜನ ನೋಡುತ್ತಿದ್ದಾರೆ. ಯಾರೋ ಅಪಶಕುನ ಎಂದು ಪಿಸುಗುಟ್ಟಿದರು. ಬಟ್ಟೆ ತಂದು ಒರೆಸೋಣವೆಂದು ಅವರು ಬಗ್ಗಿದರೆ ಶಕುಂತಲಮ್ಮನವರು ಕೂಗಿಯೇ ಬಿಟ್ಟರು.

"ಅಯ್ಯೋ, ಹಬ್ಬದ ದಿನ ಕೈಯಾರೆ ಕುಂಕುಮ ಅಳಿಸ್ತಾರೇನ್ರಿ?"

ಅವರು ನೆಟ್ಟಗಾದರು. ಹಣೆ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು, ಮುಖ ಅರಳಿತು.

"ಚಲುವರಾಜು, ನಿನ್ನ ಪೊರಕೆ ಗಾಡಿ ತಗೊಂಡು ಬಾರಯ್ಯ! ಅದಕ್ಕೆ ಹೇಗೂ ಪೂಜೆ ಆಗಿಲ್ಲ, ಕೆಲಸ ಮಾಡ್ಬಹುದು. ದೋಷ ಇಲ್ಲ."

ಶಕುಂತಲಮ್ಮನವರೂ ಸಮಾಧಾನದಿಂದ ತಲೆಯಾಡಿಸಿದರು. ಈಳಿಗೆಮಣೆಗೂ ಹಬ್ಬ, ಕ್ಯಾಮೆರಾಕ್ಕೂ ಹಬ್ಬ. ಇವರು ಮಾಡಿದ ಗಲೀಜು ಬಳಿಯಲು ಹಬ್ಬವಿಲ್ಲದ ಒಂದು ಗಾಡಿ ಬೇಕು. ಮಂಗಳಾರತಿಯಾಗಿ ಹತ್ತು ನಿಮಿಷವಾಗಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಆಡಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ನನ್ನ ಪಕ್ಕದಲ್ಲಿ ಇರಲಿಲ್ಲ. ಬಾವಿಯ ಆಚೆಗೆ ಹೋಗಿ, ಮೂರು ಗಾಡಿಗಳನ್ನೂ ಎತ್ತಿ ಹಸಿರು ಸೀರೆಯ ಸೆರಗಿನಲ್ಲಿ ಇಟ್ಟುಕೊಂಡು ಬರುತ್ತಿದ್ದಳು. ಎಲ್ಲರೂ ದಾರಿ ಬಿಟ್ಟರು. ಹಳಿಯ ಹತ್ತಿರ ನಿಂತಳು, ಆದರೆ ಬಗ್ಗಲಿಲ್ಲ.

"ಬುದ್ಧಿ, ಇವತ್ತು ಆಗಲ್ಲ" ಎಂದಳು.

"ಯಾಕಮ್ಮ, ಸೆಲ್ ಇಲ್ವಾ?"

"ಸೆಲ್ ಐತೆ. ಇವತ್ತು ಆಯುಧಪೂಜೆ. ಎಲ್ಲಾ ಸಾಮಾನಿಗೂ ರಜ. ಇದಕ್ಕೂ ರಜ."

"ಅದಕ್ಕೆ ಪೂಜೆ ಆಗಿಲ್ವಲ್ಲಮ್ಮ..."

"ನಿಮ್ಮನೇಲಿ ಆಗಿಲ್ಲ. ನಮ್ಮನೇಲಿ ಮಾಡ್ಕೋತೀನಿ. ಪ್ರತಿ ವರ್ಸ ನಾಳೆ ದಿನ ಬಳೇಪೇಟೆ ಕುಂಬಳಕಾಯೆಲ್ಲ ನಾನೇ ಎತ್ತೋದು ಬುದ್ಧಿ. ನಾಳೆ ಎತ್ತುತೀನಿ. ಇವತ್ತಲ್ಲ."

ಶಕುಂತಲಮ್ಮನವರು ಅವಸರವಾಗಿ ಕುಂಕುಮದ ಬಟ್ಟಲು ತಂದು ದೂರದಿಂದಲೇ ಚಾಚಿ, "ನೀವೇ ಇಟ್ಕೊಂಡ್ಬಿಡಿ, ಓಡ್ಸಿ" ಎಂದರು. ಅವ್ವ ಬಟ್ಟಲು ಮುಟ್ಟಲಿಲ್ಲ. ಗೇಟಿನ ಕಡೆ ನಡೆದಳು. ನನ್ನ ಎದೆ ಉಬ್ಬಿತು. ಹಿಂದೆ ಶ್ರೀನಿವಾಸಯ್ಯನವರು ಕರೆಯುತ್ತಿದ್ದರು, ನಾನು ತಿರುಗಿ ನೋಡಲಿಲ್ಲ. ಆ ಮನೆಗೆ ಆಮೇಲೆ ಕಾಲೂ ಇಡಲಿಲ್ಲ.

ದಾರಿಯುದ್ದಕ್ಕೂ ಬೈದೆ. ಗಾಂಧಿ ಬಜಾರಿನಲ್ಲಿ ಗಂಡನನ್ನು ಬೈದೆ, ಚಾಮರಾಜಪೇಟೆ ಮುಟ್ಟುವವರೆಗೆ ಹೆಂಡತಿಯನ್ನು ಬೈದೆ. ಕೆಲಸಕ್ಕೆ ಬೇಕು, ಸಾಲಿಗೆ ಬೇಡ, ಇವರೆಲ್ಲ ಮನುಷ್ಯರಾ ಎಂದೆ. ಅವ್ವ ಸೆರಗಿನ ಗಂಟು ಎದೆಗೆ ಒತ್ತಿಕೊಂಡು ನಡೆಯುತ್ತಿದ್ದಳು.

ಮನೆಗೆ ಬಂದವನೇ ನಡುಮನೆಯ ಮಣೆಯ ಮೇಲೆ ವರ್ನಿಯರ್ ಪಕ್ಕದಲ್ಲಿ ಒಂದು ಕಡೆ ತೋರಿಸಿ, "ಕೊಡವ್ವ, ನನ್ನ ಸಾಮಾನಿನ ಜೊತೆ ಇಲ್ಲೇ ಇಡೋಣ" ಎಂದೆ.

"ಬೇಡ ಬಿಡು. ಹಿತ್ತಲಲ್ಲಿ ಇಡ್ತೀನಿ, ನಂದರ ಜೊತೆ."

ಅವಳ ಹಿಂದೆಯೇ ಹೋದೆ. ನಮ್ಮ ಬಚ್ಚಲ ಗೋಡೆಗೆ ಒರಗಿಸಿ ಅವಳ ಕಡ್ಡಿ ಪೊರಕೆ ಇತ್ತು. ಹಿಡಿಗೆ ಮೂರು ಬೊಟ್ಟು ಕುಂಕುಮ, ಒಂದು ಚೆಂಡುಹೂವು, ಉರಿದು ಮುಗಿದ ಊದಿನಕಡ್ಡಿ. ಅಪ್ಪ ಇದ್ದಾಗ ಆ ಪೊರಕೆ ನಡುಮನೆಯಲ್ಲೇ ಮಣೆಯ ಮೇಲೆ ಇರುತ್ತಿತ್ತು. ನನಗೆ ಫಿಟ್ಟರ್ ಕೆಲಸ ಸಿಕ್ಕ ವರ್ಷ, ಅದಕ್ಕೂ ಹನ್ನೊಂದು ವರ್ಷದ ಹಿಂದೆ, ಅಂಗಡಿಯವರು ಹಬ್ಬಕ್ಕೆ ಮನೆಗೆ ಬರುವವರಿದ್ದರು. "ಅವ್ವ, ಅದನ್ನ ಹಿತ್ತಲಲ್ಲಿ ಇಡು, ಬಂದೋರು ನೋಡ್ತಾರೆ" ಎಂದಿದ್ದೆ. ಒಂದೇ ಸಲ ಹೇಳಿದ್ದು. ಅವಳು ಮತ್ತೆ ಒಳಗೆ ತಂದಿರಲಿಲ್ಲ.

ಅವ್ವ ಮೂರು ಗಾಡಿಗಳನ್ನು ಪೊರಕೆಯ ಮುಂದೆ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಕುಂಕುಮ ಇಟ್ಟಳು. ನಾನು ಬಗ್ಗಿ ಪೊರಕೆಗೆ ಕೈ ಹಾಕಿದೆ. "ಒಳಗೆ ತರ್ತೀನವ್ವ" ಎಂದೆ.

"ಪೂಜೆ ಆದ್ಮೇಲೆ ಕದಲಿಸಬಾರ್ದು ಮಗ" ಎಂದು ನನ್ನ ಕೈ ಸರಿಸಿದಳು. "ಮುಂದಿನ ವರ್ಸ ನೋಡೋಣ."