ಮೇ, ಚುಕ್ಕಿ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕು? ಗಣಿಯಿಂದ ಶುರುಮಾಡಿದರೆ ಮೊದಲ ಪ್ಯಾರಾದಲ್ಲೇ ಕತ್ತಲು ಬರುತ್ತದೆ. ಕತ್ತಲು ಬಂದರೆ ನಾನು ಉಪಮೆಗೆ ಕೈಹಾಕುತ್ತೇನೆ. ಕಣಿವೆಯಿಂದ ಶುರುಮಾಡಿದರೆ ಪ್ರವಾಸಿ ಕೈಪಿಡಿಯ ಹಾಗಾಗುತ್ತದೆ. (ಮಾಡಿ ನೋಡಿದೆ. "ಹಸಿರು ಕಣಿವೆಯ ಮಡಿಲಲ್ಲಿ" ಎಂದು ಬರೆದು, ನನಗೇ ನಾಚಿಕೆಯಾಗಿ ಹರಿದುಹಾಕಿದೆ. ಆ ಹಸಿರು ಗಿಡಮರದ್ದಲ್ಲ, ಹಳ್ಳದ ಕಲ್ಲುಗಳಿಗೆ ಹಿಡಿದ ತಾಮ್ರದ ಕಿಲುಬು.) ಅಮ್ಮನಿಂದ ಶುರುಮಾಡಬಹುದು. ಆದರೆ ಅಮ್ಮ ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂತಿದ್ದಾಳೆ.

ಹಾಗಾಗಿ ಒಂದು ಅಕ್ಷರದಿಂದ ಶುರುಮಾಡುತ್ತೇನೆ: ಮೇ. ಅದರ ಪಕ್ಕ ಒಂದು ಚುಕ್ಕಿ.

೨

ನಾನು ಪಠ್ಯಪುಸ್ತಕಗಳ ಕರಡು ತಿದ್ದುವವಳು. ಎರಡು ವರ್ಷದಿಂದ, ರಜೆ ಸಿಕ್ಕಾಗಲೆಲ್ಲ, ಈ ಕಣಿವೆಯ ಪಾಳುಬಿದ್ದ ತಾಮ್ರದ ಗಣಿಗಳ ಚರಿತ್ರೆ ಹುಡುಕುತ್ತಿದ್ದೇನೆ. ಒಟ್ಟು ಹನ್ನೊಂದು ಗಣಿ. ಅವುಗಳಲ್ಲಿ ಹತ್ತರ ಬಗ್ಗೆ ನನಗೆ ನಿಜಕ್ಕೂ ಆಸಕ್ತಿಯಿಲ್ಲ. ಹನ್ನೊಂದು ಎಂದು ಹೇಳಿಕೊಂಡರೆ ಸಂಶೋಧನೆ ಅನ್ನಿಸಿಕೊಳ್ಳುತ್ತದೆ. ಒಂದೇ ಎಂದರೆ ಮನೆಯ ಗೋಳು.

ಆ ಒಂದರೊಳಕ್ಕೆ, ಎಪ್ಪತ್ತನಾಲ್ಕು ವರ್ಷದ ಹಿಂದೆ, ಒಂದು ಮಧ್ಯಾಹ್ನ ನೀರು ನುಗ್ಗಿತು. ಅಂದು ಬೆಳಿಗ್ಗೆ ಇಳಿದ ತಂಡದಲ್ಲಿ ಏಳು ಜನ. ಮೇಸ್ತ್ರಿಯ ಹೆಣ ಮಾರನೆಯ ದಿನ ಸಿಕ್ಕಿತು. ಉಳಿದ ಆರು ಜನ ಸಂಜೆ ಮೇಲೆ ಬಂದು, ಹೆದರಿ, ಹೇಳದೆ ಕೇಳದೆ ಬೇರೆ ಗಣಿಗೆ ಓಡಿಹೋದರು ಎಂದು ಕಂಪನಿ ಹೇಳಿತು. ಅದೇ ವಾರ ಬೇರೆ ಗಣಿಯವರು ಆಳು ಹುಡುಕಿಕೊಂಡು ಬಂದಿದ್ದದ್ದು ನಿಜ. ಆರರಲ್ಲಿ ಒಬ್ಬನೂ ಮನೆಗೆ ಕಾಗದ ಬರೆಯಲಿಲ್ಲ. (ಆರು ಜನಕ್ಕೂ ಓದುಬರಹ ಗೊತ್ತಿರಲಿಲ್ಲ. ಆದ್ದರಿಂದ ಇದೂ ಪುರಾವೆಯಲ್ಲ.)

ಆ ಆರರಲ್ಲಿ ಒಬ್ಬ ನನ್ನ ಅಜ್ಜ, ಅಮ್ಮನ ಅಪ್ಪ. ಅಮ್ಮನಿಗೆ ಆಗ ಐದು ವರ್ಷ.

"ಚರಿತ್ರೆ ಗಿರಿತ್ರೆ ನೀನೇ ಇಟ್ಕೋ," ಎಂದಿದ್ದಳು ಅಮ್ಮ. "ಅಪ್ಪ ಬಿಟ್ಟುಹೋದನಾ, ಹೋಗಿಬಿಟ್ಟನಾ? ಅಷ್ಟು ಹೇಳು, ಸಾಕು."

ಎರಡೇ ಮಾತು, ಹಿಂದುಮುಂದಾಗಿವೆ ಅಷ್ಟೆ. ಒಂದು ಕಡೆಯಿಂದ ಓದಿದರೆ ನನ್ನ ಅಜ್ಜಿ ವಿಧವೆ. ಇನ್ನೊಂದು ಕಡೆಯಿಂದ ಓದಿದರೆ ಗಂಡ ಬಿಟ್ಟವಳು. ಅಜ್ಜಿ ಗಂಡ ಬಿಟ್ಟವಳಾಗಿಯೇ ಸತ್ತಳು.

೩

ಆ ಗಣಿಯ ಹಾಜರಿ ಪುಸ್ತಕ ಸಿಕ್ಕಿದ್ದು ಹಳೆಯ ಕಡತಗಳ ಕೋಣೆಯಲ್ಲಿ, ಮುರಿದ ಕುರ್ಚಿಗಳ ಹಿಂದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಇಳಿದವನ ಮುಂದೆ ಬೆಳಿಗ್ಗೆ ಒಂದು ಗೀಟು. ಸಂಜೆಯ ಕಾಲಂನಲ್ಲಿ, ತಂಡದ ಮೊದಲನೆಯವನಾದ ಮೇಸ್ತ್ರಿಯ ಮುಂದೆ "ಮೇಲೆ" ಎಂದು ಪೂರ್ತಿ; ಅವನ ಕೆಳಗಿನ ಆರು ಸಾಲಿಗೆ "ಮೇ.", "ಮೇ.", "ಮೇ."

"ಏನ್ ಮೇಡಂ, ಪುಟದ ತುಂಬ ಆಡು ಕೂಗ್ತಿದೆ?" ಎಂದ ಕಡತ ತೆಗೆದುಕೊಡುವವನು.

ಮೇ. ಎಂದರೆ "ಮೇಲೆ" ಇರಬಹುದು. "ಮೇಲಿನಂತೆ", ಅಂದರೆ ಮೇಲಿನ ಸಾಲಿನಲ್ಲಿದ್ದದ್ದೇ, ಎಂದೂ ಇರಬಹುದು. ನಾಲ್ಕು ವರ್ಷದ ಪುಟಗಳನ್ನು ತಿರುವಿಹಾಕಿದೆ. ಪ್ರತಿ ಸಂಜೆಯೂ ಮೇಸ್ತ್ರಿ ಮೇಲೆ ಬಂದಿದ್ದಾನೆ. ಹಾಗಾಗಿ ಹೇಗೆ ಓದಿದರೂ ಎಲ್ಲರೂ ಮೇಲೆ. ಎರಡು ಅರ್ಥಗಳು ಒಂದೇ ಚಾಪೆಯ ಮೇಲೆ ಜಗಳವಿಲ್ಲದೆ ಮಲಗಿದ್ದವು.

ಆ ಒಂದು ದಿನ ಮಾತ್ರ ಮೇಸ್ತ್ರಿಯ ಮುಂದೆ "ಕೆಳಗೆ" ಎಂದಿದೆ. ಅವನ ಕೆಳಗೆ ಆರು ಸಲ "ಮೇ."

ಕಡತದವನು ಬಗ್ಗಿ ನೋಡಿದ. "ಮೇಲೆ ಬಂದ್ರೋ, ಮೇಲೇ ಹೋದ್ರೋ, ಬರೆದೋನಿಗೇ ಗೊತ್ತು," ಎಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ನಿಮ್ಮೋರಾ?"

೪

(ಇದನ್ನು ಬರೆಯದೆ ಐದಕ್ಕೆ ಹಾರಬೇಕೆಂದಿದ್ದೆ. ನಿಮಗೆ ಗೊತ್ತಾಗುತ್ತಿರಲಿಲ್ಲ.)

ಗಣಿಯ ಬಾಯಿಗೆ ಕಾಂಕ್ರೀಟ್ ತುಂಬಿಸಲು ಬಂದಿದ್ದ ಎಂಜಿನಿಯರ್ ಒಳ್ಳೆಯವನು. ತಗಡಿನ ಶೆಡ್ಡಿನಲ್ಲಿ ಇದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು, ತಾನು ಸಿಮೆಂಟಿನ ಚೀಲದ ಮೇಲೆ ಕೂತ.

"ಒಳಗೆ ಜನ ಇದ್ದಾರೆ ಅನ್ನೋಕೆ ಒಂದು ದಾಖಲೆ ಕೊಡಿ ಮೇಡಂ. ಮುಚ್ಚೋಕೆ ಮುಂಚೆ ಕ್ಯಾಮೆರಾ ಇಳಿಸಿ ನೋಡೋಣ. ಶುಕ್ರವಾರದೊಳಗೆ ಬೇಕು."

ಹಾಜರಿಯ ನಕಲು ಪ್ರತಿ ಕೊಟ್ಟೆ.

"ಇದ್ರಲ್ಲಿ ಮೇಲೆ ಅಂತಾನೇ ಇದೆಯಲ್ಲ?"

"ಮೇಲಿನಂತೆ ಅಂತಲೂ ಇರಬಹುದು."

"ಇರಬಹುದು ಅಂದ್ರೆ ನಮ್ಮ ಸಾಹೇಬ್ರು ಒಪ್ಪಲ್ಲ. ಇದನ್ನೆಲ್ಲ ಓದಿರೋರು ನೀವೊಬ್ರೇ. ಇದರರ್ಥ ಇಂಥದ್ದು ಅಂತ ಒಂದು ಸಾಲು ಬರೆದು ಸೈನ್ ಮಾಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಕ್ಯಾಪ್ ತೆಗೆದು, ತನ್ನ ಪೆನ್ನನ್ನೇ ನನ್ನ ಮುಂದಿಟ್ಟ. ಅದಕ್ಕಿಂತ ಹೆಚ್ಚಾಗಿ ಒಬ್ಬ ಮನುಷ್ಯ ಇನ್ನೊಬ್ಬರಿಗೆ ಏನು ಮಾಡಬಹುದು?

ನಾನು ಬರೆದೆ: "ಈ ಸಂಕ್ಷಿಪ್ತ ರೂಪವನ್ನು ಎರಡು ರೀತಿಯಲ್ಲೂ ಓದಲು ಸಾಧ್ಯವಿದೆ."

ತಪ್ಪಿಲ್ಲದ ವಾಕ್ಯ. ಅವನು ಎರಡು ಸಲ ಓದಿ, ಪೆನ್ನಿನ ಕ್ಯಾಪ್ ಹಾಕಿದ.

ಶುಕ್ರವಾರ ಹನ್ನೆರಡು ಲಾರಿ ಕಾಂಕ್ರೀಟ್ ಸುರಿದರು. ಅಮ್ಮನಿಗೆ ಇನ್ನೂ ಹೇಳಿಲ್ಲ. ಕ್ಯಾಮೆರಾ ಇಳಿಯುತ್ತದೆ ಎಂದೇ ಅವಳು ಕಾಯುತ್ತಿದ್ದಾಳೆ. ಅದಕ್ಕೇ ನಾನು ಕಥೆ ಬರೆಯುತ್ತಿದ್ದೇನೆ.

೫

(ಈ ಭಾಗ ತೆಗೆದುಹಾಕಿದ್ದೇನೆ. ಇದರಲ್ಲಿ ಅಜ್ಜನಿಂದ ಮಾತಾಡಿಸಿದ್ದೆ. ಅವನ ದನಿ ನನಗೆ ಗೊತ್ತಿಲ್ಲ. ಥೇಟ್ ನನ್ನ ಹಾಗೆ, ಸರಿಯಾದ ಜಾಗದಲ್ಲಿ ಅಲ್ಪವಿರಾಮ ಕೊಟ್ಟು ಮಾತಾಡುತ್ತಿದ್ದ.)

೬

ಅಜ್ಜನ ಬದಲಿಗೆ ಹಾಜರಿ ಗುಮಾಸ್ತನನ್ನು ಕರೆಸಿದೆ. ಸತ್ತು ಎಷ್ಟೋ ವರ್ಷವಾದವನು, ಕಥೆಯೊಳಕ್ಕೆ ಕೆಮ್ಮುತ್ತ ಬಂದ.

"ಯಾವುದು ಅಂತ ಹೇಳಿಬಿಡಿ ಸ್ವಾಮಿ. ಮೇಲೆಯೋ, ಮೇಲಿನಂತೆಯೋ?"

"ದಿನಾ ಇನ್ನೂರು ಸಾಲು ಕಣಮ್ಮ. ಬೆರಳು ಜೋಮು ಹಿಡೀತಿತ್ತು. ಒಂದೊಂದ್ಸಲ ಮಧ್ಯಾಹ್ನಾನೇ ಮೇ, ಮೇ ಅಂತ ಗೀಚಿಟ್ಟು, ಸಂಜೆ ಮೇಸ್ತ್ರಿಗಳ ಸಾಲು ಮಾತ್ರ ತುಂಬ್ತಿದ್ದೆ. ಎಲ್ಲರೂ ದಿನಾ ಬರೋರೇ ತಾನೆ?"

"ಅಂದರೆ ಅವತ್ತಿನ ಮೇ.ಗೆ ಅರ್ಥವೇ ಇಲ್ಲವಾ?"

"ನಾನೆಲ್ಲಿ ಹಾಗಂದೆ? ನನ್ನ ಬಾಯಲ್ಲಿ ಮಾತು ತುರುಕ್ತಿರೋಳು ನೀನು."

"ಇನ್ನೆರಡು ಅಕ್ಷರ ಜಾಸ್ತಿ ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?"

ಅವನು ನನ್ನನ್ನೇ ದಿಟ್ಟಿಸಿದ. "ನೀನು ಒಂದು ಸಾಲು ಪೂರ್ತಿ ಬರೆದ್ಯಲ್ಲ ತಾಯಿ. ಏನಾಯ್ತು?"

(ಇಂಥ ಪಾತ್ರಗಳನ್ನು ಸೃಷ್ಟಿಸಬಾರದು.)

೭

ಮುಕ್ತಾಯ ಒಂದು: ನಾನು "ಮೇಲಿನಂತೆ" ಎಂದು ಬರೆದು ಸಹಿ ಹಾಕುತ್ತೇನೆ. ಕ್ಯಾಮೆರಾ ಇಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಹಸಿರು ನೀರು, ಕೊಳೆತ ಏಣಿ, ಏಣಿಯ ಬುಡದಲ್ಲಿ (ಇಲ್ಲಿ ಮೂರು ಸಲ ನಿಲ್ಲಿಸಿದ್ದೇನೆ. ಏಣಿಯ ಬುಡದಲ್ಲಿ ಏನಿದೆ ಎಂದು ನೋಡುವ ಹಕ್ಕನ್ನು ಆ ತಗಡಿನ ಶೆಡ್ಡಿನಲ್ಲೇ ಬಿಟ್ಟುಬಂದಿದ್ದೇನೆ.)

ಮುಕ್ತಾಯ ಎರಡು: ಅಜ್ಜ ದೂರದ ಊರಿನಲ್ಲಿ ಇನ್ನೊಂದು ಸಂಸಾರ ಹೂಡಿ, ಮುದುಕನಾಗಿ ಹಾಸಿಗೆಯಲ್ಲಿ ಸಾಯುತ್ತಾನೆ. ಅಲ್ಲಿ ಅಮ್ಮನದೇ ಮೂಗಿನ ಒಬ್ಬ ತಂಗಿ ಇದ್ದಾಳೆ. (ಬೇಡ. ಅವನು ಬದುಕಿದ್ದ ಎಂದು ಬರೆಯುವಾಗ ಸಿಟ್ಟು ಬರುತ್ತದೆ. ಮುಳುಗಿದ ಎಂದು ಬರೆಯುವಾಗ ಸಮಾಧಾನ. ಎಂಥ ಮೊಮ್ಮಗಳು ನಾನು!)

ಮುಕ್ತಾಯ ಮೂರನ್ನು ಶುರುಮಾಡುವಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಬಂದಳು.

"ಮೂರು ದಿನದಿಂದ ಏನೇ ಅದು ಗೀಚಾಟ? ಕ್ಯಾಮೆರಾದೋರು ಫೋನ್ ಮಾಡಿದ್ರಾ?"

"ಅಮ್ಮ, ಅಜ್ಜ ಹೋಗಿಬಿಟ್ಟ."

ಅಮ್ಮ ಕೂತಳು. ಸೆರಗಿನಿಂದ ಕನ್ನಡಕ ಒರೆಸಿದಳು. ಎಪ್ಪತ್ತನಾಲ್ಕು ವರ್ಷ ಕಾದವಳಿಗೆ ಕನ್ನಡಕ ಒರೆಸುವ ಅವಸರವೇನೂ ಇರಲಿಲ್ಲ.

"ಎಲ್ಲಿ ಬರೆದಿದೆ? ತೋರ್ಸು."

ನಕಲು ಪ್ರತಿಯನ್ನು ಮುಂದೆ ಹಿಡಿದು, ಅವಳ ಬೆರಳನ್ನು ಸರಿಯಾದ ಸಾಲಿಗೆ ತಂದಿಟ್ಟೆ.

"ಇದಾ?"

"ಅದೇ."

"ಪೂರ್ತಿ ಬರೆದೇ ಇಲ್ವಲ್ಲೇ."

"ಇಲ್ಲಮ್ಮ."

"ಶುಕ್ರವಾರ ಅಂದಿದ್ರಲ್ಲ. ಇವತ್ತು ಏನು ವಾರ?"

"ಸೋಮವಾರ."

"ಹಾಗಾದ್ರೆ ಮುಚ್ಚಿದ್ರು."

ಆ ಮಾತಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ಆದ್ದರಿಂದ ನಾನು ಉತ್ತರ ಕೊಡಲಿಲ್ಲ. (ಓದುಗರೇ, ಇಲ್ಲಿ ನೀವಾದರೂ ಏನಾದರೂ ಅನ್ನಬಹುದಿತ್ತು.)

ಅಮ್ಮ ನನ್ನ ಹಾಳೆಗಳ ಕಡೆ ಗದ್ದದಲ್ಲೇ ತೋರಿಸಿದಳು.

"ನೀನಾದ್ರೂ ಪೂರ್ತಿ ಬರಿ."

ಬರೆಯುತ್ತಿದ್ದೇನೆ. ಅವಳು ಇನ್ನೂ ಎದ್ದುಹೋಗಿಲ್ಲ. ಅವಳ ಬೆರಳು ಇನ್ನೂ ಅದೇ ಸಾಲಿನ ಮೇ.