ಒಂದು ಸಾಲು ಕೆಳಗೆ

ಶರಾವತಿಯ ಸೇತುವೆ ಬಂತು, ಬಸ್ಸಿನ ಕಿಟಕಿಯಿಂದ ಬಿಸಿಲು ನೇರ ಮಡಿಲಿಗೇ ಬಿತ್ತು, ಕಟ್ಟಿನ ಮೇಲೆ ಸುತ್ತಿದ ಕಂದು ಕಾಗದ ಬೆಚ್ಚಗಾಗುತ್ತಿದೆ, ಶಾಯಿಯ ವಾಸನೆ ಇನ್ನೂ ಹೋಗಿಲ್ಲ, ಮುನ್ನೂರು ಕಾರ್ಡು, ತಂಗಿ ಅರ್ಚಿತಾಳ ಮದುವೆಯ ಕಾರ್ಡು, ಮುನ್ನೂರರಲ್ಲೂ ಅಪ್ಪ ಸತ್ತಿದ್ದಾನೆ — ಸುಶ್ಮಿತಾ ಕಟ್ಟನ್ನು ಮಗುಚಿ ಹಾಕಿದಳು, ಮಗುಚಿದರೆ ಏನಾಯಿತು, ಒಳಗೆ ಅದೇ ಇದೆಯಲ್ಲ, ದಿ. ಮಾಬ್ಲ ಮೊಗೇರ, ದಿವಂಗತ ಮಾಬ್ಲ ಮೊಗೇರ, ಅದರ ಕೆಳಗಿನ ಸಾಲಿನಲ್ಲಿ ಎರಡು ವರ್ಷದ ಹಿಂದೆ ತೀರಿಕೊಂಡ ಅಮ್ಮ ಮಾತ್ರ ಬರೀ ಮಹಾಲಕ್ಷ್ಮೀ, ಏನೂ ಆಗದವಳ ಹಾಗೆ. ತನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಿತ್ತು, ಹೊನ್ನಾವರದ ಸ್ಟುಡಿಯೋದಲ್ಲಿ ಆರು ವರ್ಷದಿಂದ ಇದೇ ಕೆಲಸ, ಬ್ಯಾನರು, ನಾಮಕರಣ, ಗೃಹಪ್ರವೇಶ, ಊರವರದ್ದನ್ನೆಲ್ಲ ತಪ್ಪಿಲ್ಲದೆ ಮಾಡಿಕೊಟ್ಟ ಕೈ, ಮನೆಯದಕ್ಕೆ ಬಂದಾಗ — ಕುಮಟೆಯ ಪ್ರೆಸ್ಸಿನ ಅಣ್ಣಪ್ಪಣ್ಣ ಕನ್ನಡಕ ಹಣೆಗೇರಿಸಿಕೊಂಡು ಅಂದದ್ದೂ ಅದನ್ನೇ, ತಂಗೀ, ನೀ ಕರ್ವ್ ಮಾಡ್ದೇ ಕಳ್ಸಿದ್ದೆ, ನಮ್ಮಲ್ಲಿ ಆ ಫಾಂಟಿಲ್ಲ, ಫೈಲು ತೆರೆದ ಕೂಡ್ಲೆ ಕಂಪ್ಯೂಟರು ಅದರ ಬದ್ಲಿಗೆ ಬೇರೆ ಹಾಕ್ಕಂಡ್ತು, ನಾ ಎಂತ ಮಾಡೂದು ಹೇಳು. ಕರ್ವ್ ಮಾಡಿದರೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಚಿತ್ರವಾಗಿಬಿಡುತ್ತದೆ, ಯಾರ ಕಂಪ್ಯೂಟರಿಗೆ ಹೋದರೂ ಇದ್ದಲ್ಲೇ ಇರುತ್ತದೆ, ಇದನ್ನು ಅವಳೇ ಎಷ್ಟು ಜನರಿಗೆ ಹೇಳಿಕೊಟ್ಟಿಲ್ಲ, ಮಾಡಿದ್ದಳಲ್ಲ, ಮಾಡಿದ ನೆನಪಿದೆ, ಅಥವಾ ಆ ನೆನಪು ಬೇರೆ ಯಾರದೋ ಗೃಹಪ್ರವೇಶದ್ದೋ, ಫೋನಿನಲ್ಲಿ ಅರ್ಚಿತಾ ಫೈನಲ್ ಎಂಬ ಫೈಲು ಇದೆ, ಅರ್ಚಿತಾ ಫೈನಲ್ ಎರಡು ಇದೆ, ಅರ್ಚಿತಾ ಫೈನಲ್ ಹೊಸದು ಇದೆ, ನೋಡಿದಷ್ಟೂ ಮೂರೂ ಒಂದೇ ಥರ ಕಾಣುತ್ತವೆ.

ಟಿಕೆಟ್ ಯಾರ್‍ರೀ, ಕಂಡಕ್ಟರ್ ಎರಡನೇ ಸಲ ಕೇಳಿದ, ತಗೊಂಡಾತು ಅಂದಳು, ಎಲ್ಲಿಗೆ, ಮುರ್ಡೇಶ್ವರ, ಅಲ್ಲಿಂದ ಮಾವಳ್ಳಿಗೆ ನಡೆದರೆ ಮನೆ, ಮನೆಯಲ್ಲಿ ದುರ್ಗಮ್ಮತ್ತೆ ಬಾಗಿಲಲ್ಲೇ ಕಾದಿರುತ್ತಾಳೆ, ಅಪ್ಪನ ಅಕ್ಕ, ಕಾರ್ಡು ಬಂತನೇ ಅನ್ನುತ್ತಾಳೆ, ಬೋಟು ಬಂತಾ ಅತ್ತೆ ಎಂದು ಇವಳು ಕೇಳಬೇಕು, ಕೇಳುವ ಧೈರ್ಯವಿಲ್ಲ, ಅಪ್ಪ ಮೀನಿಗೆ ಹೋದ ಬೋಟು, ನಿನ್ನೆ ಬೆಳಿಗ್ಗೆಯೇ ದಡಕ್ಕೆ ಬರಬೇಕಿದ್ದ ಬೋಟು, ಅಪ್ಪನಿಗೆ ಫೋನು ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ, ಮತ್ತೆ ಹಚ್ಚಿದರೂ ಹೊರಗೇ ಇದ್ದಾರೆ, ಸೇತುವೆಯ ಕೆಳಗೆ ಅಳಿವೆಯ ಕಡೆ ಎರಡು ಬೋಟು ಹೋಗುತ್ತಿವೆ, ಬರುತ್ತಿವೆಯೋ ಏನೋ, ಈ ಬಿಸಿಲಿಗೆ ತಿಳಿಯುವುದಿಲ್ಲ. ಹಾಗೆ ನೋಡಿದರೆ ಅಣ್ಣಪ್ಪಣ್ಣ ನಿನ್ನೆ ಪ್ರೂಫ್ ಕಳಿಸಿದ್ದ, ಫೋಟೋ ಹೊಡೆದು, ನೋಡು ತಂಗೀ ಸರಿ ಇದ್ಯಾ ಅಂತ, ಅವಳು ಓಕೆ ಎಂದು ಒತ್ತಿದ್ದಳು, ನೋಡಿದ್ದಳಾ, ಇಲ್ಲ, ಆ ಹೊತ್ತಿಗೆ ಅಪ್ಪನ ಫೋನು ಎಲ್ಲಾದರೂ ಹತ್ತೀತು ಎಂದು ಒತ್ತುತ್ತಿದ್ದಳು, ಅದೇ ಬೆರಳು, ಅದೇ ಫೋನು. ಆ ದಿ. ಕೂಡ ಮೊದಲು ಇರಲಿಲ್ಲ. ಅಮ್ಮನ ಹೆಸರು ಟೈಪು ಮಾಡುವಾಗ ಕೈ ತಾನಾಗಿ ಶ್ರೀಮತಿ ಅಂತ ಹೊಡೆದಿತ್ತು, ಅಳಿಸಿದಳು, ಅಳಿಸಿದ ಮೇಲೆ ಬೇರೇನೂ ಹಾಕಲು ಮನಸ್ಸು ಬರಲಿಲ್ಲ, ಅರ್ಚಿತಾಳೂ ಬೇಡ ಅಕ್ಕ ಹಾಂಗೇ ಇರ್ಲಿ ಅಂದಳು, ದುರ್ಗಮ್ಮತ್ತೆ ಒಪ್ಪಲಿಲ್ಲ, ಓದ್ಲಿಕ್ಕೆ ಬರೂದಿಲ್ಲ ನಂಗೆ, ಆದ್ರೂ ಗೊತ್ತುಂಟು, ಸತ್ತವರ ಹೆಸ್ರಿನ ಮುಂದೆ ಅದು ಬರ್ಬೇಕು, ಜನ ಎಂತ ಹೇಳೂದಿಲ್ಲ. ಕೊನೆಗೆ ಆ ಒಂದಕ್ಷರವನ್ನು ಬೇರೆಯೇ ಟೈಪು ಮಾಡಿ, ಮೌಸಿನಲ್ಲಿ ಎಳೆದು ತಂದು ಅಮ್ಮನ ಪಕ್ಕ ಇಟ್ಟಿದ್ದಳು. ಪ್ರೆಸ್ಸಿನ ಫಾಂಟು ದಪ್ಪ, ಮೇಲಿನ ಗಣಪತಿಯ ಸಾಲು ಮುರಿದು ಎರಡಾಯಿತು, ಅದರ ಕೆಳಗಿನ ಹೆಸರೆಲ್ಲ ಒಂದೊಂದು ಸಾಲು ಜಾರಿದವು, ಬೇರೆ ಇಟ್ಟಿದ್ದ ದಿ. ಮಾತ್ರ ಜಾರಲಿಲ್ಲ, ಅಮ್ಮನಿದ್ದ ಜಾಗಕ್ಕೆ ಅಪ್ಪ ಬಂದು ನಿಂತ, ಅಷ್ಟೇ, ಇಷ್ಟು ಸುಲಭ, ಇದರಲ್ಲಿ ಶಕುನ ಎಂಥದ್ದು, ಯಾರಿಗೆ ಬೇಕಾದರೂ ಕಾಗದದ ಮೇಲೆ ಗೆರೆ ಎಳೆದು ತೋರಿಸಬಲ್ಲಳು — ಹಾಗಾದರೆ ಬೋಟು ಯಾಕೆ ಬಂದಿಲ್ಲ.

ಮಂಕಿ ದಾಟಿತು, ಯಾವಾಗ ದಾಟಿತು, ಮುರ್ಡೇಶ್ವರದ ತಿರುವಿನಲ್ಲಿ ಇಳಿದು ನಡೆದದ್ದೂ ಸರಿಯಾಗಿ ನೆನಪಿಲ್ಲ, ಕಟ್ಟು ಸೊಂಟದ ಮೇಲೆ ಕೂಸಿನಂತೆ ಕೂತಿತ್ತು, ಅಂಗಳದಲ್ಲಿ ಯಾರೋ ಬಗ್ಗಿ ಬಾಲ್ದಿಯ ನೀರಿನಲ್ಲಿ ಕಾಲು ತೊಳೆಯುತ್ತಿದ್ದಾರೆ, ಆ ಬೆನ್ನು ಅಪ್ಪನದೇ, ಹೌದಾ, ಹೌದು, ಬೆನ್ನು ಅಪ್ಪನದೇ. ಬೋಟಿನಡಿ ಫ್ಯಾನಿಗೆ ಹರಿದ ಬಲೆ ಸುತ್ತಿ ಇಂಜಿನ್ನು ನಿಂತೇ ಹೋತು ಮಗಾ, ಬೇರೆ ಬೋಟಿನವ್ರು ಹಗ್ಗ ಕಟ್ಟಿ ಎಳ್ಕಂಡು ಬಂದ್ರು, ಎಂತಕೆ ಹಾಂಗೆ ನೋಡ್ತೆ, ಮೋರೆ ಯಾಕೆ ಬಿಳಿಚಿದ್ದು, ಕಟ್ಟನ್ನು ಎಲ್ಲಿ ಅಡಗಿಸುವುದು, ಅಷ್ಟರಲ್ಲಿ ದುರ್ಗಮ್ಮತ್ತೆ ಒಳಗಿಂದ ಬಂದು ದಾರ ಕಿತ್ತು, ಮೇಲಿನ ಕಾರ್ಡು ತೆಗೆದು ಕಣ್ಣಿಗೊತ್ತಿಕೊಂಡು, ಎಷ್ಟು ಚಂದ ಮಾಡಿದ್ಯೆ ಹೆಣ್ಣೇ ಅಂದು, ತಡಿ ಅತ್ತೆ ಅನ್ನುವುದರೊಳಗೆ ತಮ್ಮನ ಕೈಗೆ ಇಟ್ಟುಬಿಟ್ಟಳು, ಮೊದ್ಲ ಕಾಗದ ಅಪ್ಪ ಓದ್ಲಿ.

ಅಪ್ಪ ನಾಲ್ಕನೇ ಇಯತ್ತೆ, ಬೆರಳಿಟ್ಟು ಓದುತ್ತಾನೆ, ಗಣಪತಿ ಆಯಿತು, ಬೆರಳು ಇಳಿಯಿತು, ನಿಂತಿತು. ಅಪ್ಪಾ, ಅದು ಫಾಂಟು, ಪ್ರೆಸ್ಸಿನಲ್ಲಿ ಅದಿಲ್ಲ, ಸಾಲು ಜಾರಿ ಹೋಯ್ತು, ನಾ ಪ್ರೂಫ್ ನೋಡ್ಲಿಲ್ಲ, ತಪ್ಪು ನಂದೇ, ಅಣ್ಣಪ್ಪಣ್ಣ ನಾಡಿದ್ದು ಬೇರೆ ಹೊಡ್ದು ಕೊಡ್ತ್ರಂತೆ, ಅವಳ ಮಾತೂ ಒಂದರ ಮೇಲೊಂದು ಜಾರುತ್ತಿದೆ. ದುರ್ಗಮ್ಮತ್ತೆ, ಎಂತ ಆತು, ಎಂತ ಬರ್ದೀದ್ರು ಅದ್ರಲ್ಲಿ, ಎಂದು ಇಬ್ಬರ ಮುಖವನ್ನೂ ನೋಡುತ್ತಿದ್ದಾಳೆ. ಎಂತದೂ ಇಲ್ಲ ಅಕ್ಕ, ಅಪ್ಪ ಅಂದ, ನಗಬೇಕೆಂದು ಹೊರಟ ಬಾಯಿ ಅರ್ಧಕ್ಕೇ ನಿಂತಿತು, ಕಾರ್ಡನ್ನು ಕಣ್ಣಿನ ಹತ್ತಿರಕ್ಕೆ ತಂದ, ಹೆಬ್ಬೆರಳನ್ನು ಆ ಅಕ್ಷರದ ಮೇಲೆ ಇಟ್ಟ, ದಿ. ಮುಚ್ಚಿಹೋಯಿತು. ಇವಳಿಗೆ ಎಂತದೂ ಹಾಕ್ಲಿಲ್ಲ, ಅಂದ, ಕೆಳಗಿನ ಸಾಲು ನೋಡುತ್ತ, ಬಹಳ ಮೆಲ್ಲಗೆ, ಮಗಳಿಗೆ ಹೇಳಿದ್ದಲ್ಲ. ಎಲ್ಲಾ ಹೊಸ್ತು ಮಾಡ್ಸು ಮಗಾ, ಇದೊಂದು ನಂಗಿರ್ಲಿ. ಆತು ಅಪ್ಪ ಅಂದಳು, ಅಂದಳೋ ಇಲ್ಲವೋ, ಕಾರ್ಡಿನ ಮೇಲೆ ಅಪ್ಪನ ಹೆಬ್ಬೆರಳು, ಉಪ್ಪುನೀರಿಗೆ ಬೆಳ್ಳಗೆ ಸುಕ್ಕಾದ ಹೆಬ್ಬೆರಳು, ಉಗುರಿಗೆ ಅಂಟಿದ ಒಂದು ಮೀನಿನ ಹುರುಪೆ ಬಿಸಿಲಿಗೆ ಮಿಂಚುತ್ತ, ಅದರ ಕೆಳಗೆ ಮಹಾಲಕ್ಷ್ಮೀ, ಹೆಬ್ಬೆರಳು, ಅದರ ಕೆಳಗೆ ಬರೀ ಮಹಾಲಕ್ಷ್ಮೀ —