ದೊಡ್ಡ ಕೊಳವೆಯ ಉಸಿರು

ಸಭಾಂಗಣದ ಹಿಂಗೋಡೆಯನ್ನು ನೆಲದಿಂದ ಸೂರಿನವರೆಗೆ ಆವರಿಸಿದ್ದ ಪೈಪ್ ಆರ್ಗನ್ನಿನ ಕೊಳವೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮೂರು ವರ್ಷ ಮೂಕವಾಗಿತ್ತು. ಅದಕ್ಕೆ ಮತ್ತೆ ಬಾಯಿ ಬರಿಸಿದವರು ಅಕ್ಕ ತಮ್ಮ ಇಬ್ಬರೇ. ಅಕ್ಕ ಊರಿನ ವಾದ್ಯಮೇಳದಲ್ಲಿ ಆರ್ಗನ್ ನುಡಿಸುವವಳು; ತಮ್ಮ ಅದೇ ಮೇಳದ ನಗಾರಿಯವನು. ಇಡೀ ಬೇಸಿಗೆ ಆಕೆ ಏಣಿಯ ಮೇಲೆ ಕುಳಿತು ಗಾಳಿಪೆಟ್ಟಿಗೆಯ ಹರಿದ ಚರ್ಮ ಬಿಚ್ಚಿ ಹೊಸದನ್ನು ಅಂಟಿಸಿದ್ದಳು. ಅವನು ಕೆಳಗೆ ಏಣಿ ಹಿಡಿದು, ಅಂಟು ಕಾಯಿಸಿ ಕೊಟ್ಟು, ಬೈಸಿಕೊಂಡಿದ್ದನು. ಈ ಸಂಜೆಯ ಕಛೇರಿಯ ಕಟ್ಟಕಡೆಯ ಸ್ವರದಲ್ಲಿ ಆ ಕೊಳವೆ ಜನರ ಮುಂದೆ ಮತ್ತೆ ಮಾತಾಡಬೇಕಾಗಿತ್ತು.

ಅಡ್ಡಿಯಾಗಿ ನಿಂತವನು ಅಕ್ಕನ ಸ್ವಂತ ಅಳಿಯ, ಮಗಳ ಗಂಡ. ಮೇಳಕ್ಕೆ ಅವನು ಕೋಲು ಬೀಸಿ ತಾಳ ತೋರುವ ನಿರ್ದೇಶಕನಾಗಿ ಬಂದಂದಿನಿಂದ ಟ್ರಂಪೆಟ್ಟಿನವರೆಲ್ಲ ಆಕೆಯನ್ನು ‘ಆರ್ಗನ್ ಅತ್ತೆ’ ಎಂದೇ ಕರೆಯತೊಡಗಿದ್ದರು. ಮಧ್ಯಾಹ್ನದ ತಾಲೀಮಿನಲ್ಲಿ ಅವನು ಮೂರು ಸಲ ವಾದನ ನಿಲ್ಲಿಸಿ, ಕೊನೆಯ ಸ್ವರಕ್ಕೆ ಅತ್ತೆಯ ಕಾಲು ಆರ್ಗನ್ನಿನ ಪೆಡಲಿನ ಮೇಲೆ ಮೊದಲೇ ಬೀಳುತ್ತಿದೆಯೆಂದು ವಿನಯದಿಂದ ಆಕ್ಷೇಪಿಸಿದನು. ನಾಲ್ಕನೆಯ ಸಲಕ್ಕೆ ವಿನಯ ತುಸು ತೆಳ್ಳಗಾಯಿತು.

“ಬೇಜಾರು ಮಾಡ್ಕೋಬೇಡಿ ಅತ್ತೆ. ಇವತ್ತಿಗೆ ಆ ದೊಡ್ಡ ಕೊಳವೆ ಬಿಟ್ಟುಬಿಡೋಣ.”

ನಗಾರಿಯವನು ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೂರು ನೋಡಿದನು. ಅಕ್ಕ ಮುಂದೇನು ಮಾಡುವಳೆಂಬುದು ಅವನಿಗೆ ಬಾಲ್ಯದಿಂದಲೂ ಬಾಯಿಪಾಠ.

ಆಕೆಗೆ ಕೋಪವೇನೂ ಬಂದಿರಲಿಲ್ಲ. ಅಳಿಯ ಎಡವಿದ್ದೆಲ್ಲಿ ಎಂಬುದು ಆಗಲೇ ಹೊಳೆದಿತ್ತು. ಆಕೆ ಕೂರುವ ಜಾಗ ಅವನಿಂದ ಮಾರು ದೂರವಷ್ಟೇ, ಕೊಳವೆಗಳು ಹಿಂದೆಲ್ಲೋ. ಪೆಡಲ್ ಒತ್ತಿದಾಗ ಮರಕ್ಕೆ ಮರ ತಾಗುವ ‘ಟಕ್’ ಸದ್ದನ್ನೇ ಅವನು ಲೆಕ್ಕಕ್ಕೆ ಹಿಡಿಯುತ್ತಿದ್ದನು. ಐದಾಳೆತ್ತರದ ಕೊಳವೆಗೆ ಗಾಳಿ ತುಂಬಿ, ಅದು ಮೈಮುರಿದೆದ್ದು ದನಿ ತೆಗೆಯಲು ಕಣ್ಣೆವೆ ಮಿಟುಕಿಸುವಷ್ಟು ಹೊತ್ತು ಬೇಕು. ಅಷ್ಟು ಹೊತ್ತನ್ನು ಮುಂಗಡವಾಗಿ ಕೊಡುವುದೇ ಆಕೆಯ ವಿದ್ಯೆ. ಇಂಥ ಕೊಳವೆಯೊಡನೆ ಹಿಂದೆಂದೂ ಕೆಲಸ ಮಾಡದವನಿಗೆ ಅದು ಹೇಗೆ ತಿಳಿಯಬೇಕು?

“ಬಿಡೋಣ ಅಳಿಯಂದಿರೇ. ಅದಕ್ಕೆ ಮುಂಚೆ ಕೋಲು ಕೆಳಗಿಟ್ಟು, ಕೊನೇ ಸಾಲಿಗೆ ಹೋಗಿ ಕೂತ್ಕೊಳ್ಳಿ. ನೀವು ಕೇಳ್ದಾಗ ಮಗಳನ್ನೇ ಕೊಟ್ಟೆ; ನಾನು ಕೇಳ್ತಿರೋದು ಐದು ನಿಮಿಷ.”

ಟ್ರೊಂಬೋನಿನವರ ಸಾಲಿನಲ್ಲಿ ಯಾರೋ ನಗು ಬಚ್ಚಿಡಲು ಕೆಮ್ಮಿದರು. ಅಳಿಯ ಕೋಲಿಟ್ಟು ನಡೆದನು. ನಗಾರಿಯವನು ಎಣಿಕೆ ಕೊಟ್ಟನು. ಮೊದಲ ಸಲ ಆಕೆ ಅಳಿಯ ಬಯಸಿದಂತೆಯೇ, ಎಣಿಕೆಗೆ ಸರಿಯಾಗಿ ಕಾಲಿಟ್ಟಳು. ಟ್ರಂಪೆಟ್ಟುಗಳು ಮೊಳಗಿದವು, ನಗಾರಿ ಗುಡುಗಿತು. ದೊಡ್ಡ ಕೊಳವೆ ಮಾತ್ರ ಎಲೆ ಎತ್ತಿದ ಮೇಲೆ ಬಂದ ನೆಂಟನಂತೆ ತಡವಾಗಿ ಒಳನುಗ್ಗಿತು. ಎರಡನೆಯ ಸಲ ಆಕೆ ತನ್ನ ರೂಢಿಯಂತೆ ನುಡಿಸಿದಳು. ಕೊಳವೆ ನಗಾರಿಯೊಡನೆ ಒಂದೇ ಗಳಿಗೆಗೆ ದನಿಗೂಡಿತು. ಅಳಿಯ ಮರಳಿ ಬಂದು, ಸ್ವರಲಿಪಿಯ ಹಾಳೆಯಲ್ಲಿ ಕೊಳವೆಯ ಸ್ವರಕ್ಕೆ ತಾನೇ ಹೊಡೆದಿದ್ದ ಗೀಟನ್ನು ರಬ್ಬರಿನಿಂದ ಉಜ್ಜತೊಡಗಿದನು.

“ಹಾಳೆ ಹರಿದೀತು, ಮೆಲ್ಲಗೆ,” ಎಂದಳು ಅತ್ತೆ.

ಸಂಜೆ ಸಭಾಂಗಣ ತುಂಬಿತ್ತು. ಕೊನೆಯ ಸ್ವರಕ್ಕೆ ಮುನ್ನ ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತು ಮೌನವಾಗಬೇಕಾದ ಜಾಗವೊಂದಿತ್ತು. ಆ ನಿಶ್ಶಬ್ದದಲ್ಲಿ ಆಕೆಯ ಕಾಲಿನ ‘ಟಕ್’ ಮಧ್ಯಾಹ್ನಕ್ಕಿಂತ ಎರಡರಷ್ಟು ದೊಡ್ಡದಾಗಿ ಕೇಳಿಸಿತು. ಅಳಿಯನ ಹೆಗಲು ಅದುರಿತು. ಅವನು ಅವಸರಪಟ್ಟಿದ್ದರೆ ಮೇಳವೆಲ್ಲ ಅವನ ಹಿಂದೆಯೇ ಮುಗ್ಗರಿಸುತ್ತಿತ್ತು. ಕೋಲು ಮೇಲೆಯೇ ನಿಂತಿತು. ತನ್ನ ಹೊತ್ತು ಬಂದಾಗಲಷ್ಟೇ ಇಳಿಯಿತು. ಹಿತ್ತಾಳೆ ವಾದ್ಯಗಳು, ನಗಾರಿ, ಕೊಳವೆ ಒಂದೇ ಬಾಯಾಗಿ ತೆರೆದವು. ಆಕೆ ಕೂತಿದ್ದ ಹಲಗೆ ನಡುಗಿತು.

ಚಪ್ಪಾಳೆಯ ನಡುವೆ ಅಳಿಯ ಬಾಗಿ, “ಕೈ ತಡೆಯೋದು ಕಷ್ಟ ಆಯ್ತು ಅತ್ತೆ,” ಎಂದನು.

“ಹೆಗಲು ನೋಡ್ದೆ. ಕೈ ಚೆನ್ನಾಗಿತ್ತು.”

ಏಣಿ ಹಿಡಿದವನನ್ನು ಯಾರೂ ನೆನೆಯುವುದಿಲ್ಲವೆಂದು ನಗಾರಿಯ ಹಿಂದಿನಿಂದ ತಮ್ಮ ಗೊಣಗಿದನು. ಅಕ್ಕ ಸಭೆಗೆ ತಲೆಬಾಗುತ್ತಲೇ, ಎಡದ ಎರಡನೆಯ ಕೊಳವೆಯೂ ಉಬ್ಬಸಪಡುತ್ತಿದೆ, ನಾಳೆ ಬೆಳಿಗ್ಗೆ ಏಣಿ ತಾ ಎಂದಳು.